ಮೂಗಿಗೆ ವಾಸನೆ ಬಾರದೆ ಹೋದಾಗ: ಅದು ಹೋದ ಬಗೆಯೇ ಕಾರಣದ ಸುಳಿವು

2016ರ ಆಷಾಢದ ಒಂದು ಸಂಜೆ ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು, ಒಲೆಗೆ ಬೆನ್ನು ಮಾಡಿ ಕುಳಿತು, ಹತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಹೊರಗೆ ಶಿರಸಿಯ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿದ್ದುದರಿಂದ ಹಾಲು ಉಕ್ಕಿದ ಸದ್ದು ಕೇಳಲಿಲ್ಲ. ಕೊಟ್ಟಿಗೆಯಲ್ಲಿದ್ದ ನಮ್ಮ ಮನೆಯವರು ಓಡಿಬಂದು ಒಲೆ ಆರಿಸಿ, "ಹಾಲು ತಳ ಹಿಡಿದು ಸೀದು ಕರಿಕಾಗಿದೆ, ನಾತ ಕೊಟ್ಟಿಗೆಯವರೆಗೂ ಬಂದಿದೆ, ಇಲ್ಲೇ ಕುಳಿತ ನಿನಗೆ ಗೊತ್ತಾಗಲಿಲ್ಲವೇ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಪಾತ್ರೆಯನ್ನು ಮುಖದ ಹತ್ತಿರಕ್ಕೆ ತಂದು ಮೂಸಿದೆ. ಬಿಸಿ ಹಬೆ ತಾಗಿತು, ಅಷ್ಟೇ. ವಾಸನೆ ಎಂಬುದು ಇರಲೇ ಇಲ್ಲ.

ಅಂದು ರಾತ್ರಿ ಹಾಸಿಗೆಯಲ್ಲಿ ಒಂದೊಂದನ್ನೇ ನೆನೆಯುತ್ತ ಹೋದಂತೆ, ವಾಸನೆ ಆ ಸಂಜೆ ಹೋದದ್ದಲ್ಲ, ಎಂದೋ ಹೋಗಿದ್ದುದು ಆ ಸಂಜೆ ಗೊತ್ತಾಯಿತು ಎಂದು ಅರ್ಥವಾಯಿತು. ಆ ವರ್ಷ ಅಪ್ಪೆಮಿಡಿಯ ಉಪ್ಪಿನಕಾಯಿಗೆ ಪರಿಮಳವೇ ಇಲ್ಲವೆಂದು ಹೇಳಿ ನಾನು ಮರವನ್ನು ದೂರಿದ್ದೆ, ಅತ್ತೆ ಮಾತ್ರ ಪ್ರತಿ ವರ್ಷದಂತೆಯೇ ಇದೆ ಎಂದಿದ್ದರು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಆಲೆಮನೆಗೆ ಹೋದಾಗ ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ನಿಂತಿದ್ದರೂ ಬೆಲ್ಲದ ಘಮ ಬರಲಿಲ್ಲ, ನೆಗಡಿ ಇರಬೇಕೆಂದು ಸುಮ್ಮನಾಗಿದ್ದೆ. ಕಣ್ಣು ಮಂಜಾದರೆ ವಾರದೊಳಗೆ ತಿಳಿಯುತ್ತದೆ, ಕಿವಿ ಮಂದವಾದರೆ ಮನೆಯವರು ತಿಳಿಸುತ್ತಾರೆ. ನಿಧಾನವಾಗಿ ಹೋಗುವ ವಾಸನೆಗೆ ಹೀಗೆ ಎಚ್ಚರಿಸುವವರು ಯಾರೂ ಇರುವುದಿಲ್ಲ.

ಆ ಸಲವೂ ಸೇರಿ ವಾಸನೆ ನನ್ನನ್ನು ಎರಡು ಸಲ ಬಿಟ್ಟುಹೋಯಿತು, ಎರಡು ಬೇರೆ ಕಾರಣಗಳಿಂದ. ನನ್ನ ತಮ್ಮನಿಗೂ ದೊಡ್ಡಪ್ಪನಿಗೂ ವಾಸನೆ ಹೋಗಿತ್ತು, ಅವುಗಳ ಕಾರಣಗಳೂ ಬೇರೆ. ನಾನು ವೈದ್ಯಳಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆದರೆ ಒಂದೇ ಮನೆತನದೊಳಗೆ ಒಂದೇ ತೊಂದರೆ ನಾಲ್ಕು ಬಗೆಯಲ್ಲಿ ಬಂದುದನ್ನು ಕಂಡ ಮೇಲೆ, ಓದಿದ್ದನ್ನೂ ವೈದ್ಯರನ್ನು ಕೇಳಿ ತಿಳಿದದ್ದನ್ನೂ ಬರೆದಿಡಬೇಕೆನಿಸಿದೆ. ವಾಸನೆ ಹೋಗುವುದು ತಾನೇ ಒಂದು ರೋಗವಲ್ಲ, ಅದು ಬೇರೊಂದರ ಕುರುಹು. ಅದು ಒಂದೇ ರಾತ್ರಿಯಲ್ಲಿ ಹೋಯಿತೇ, ವರ್ಷಗಟ್ಟಲೆ ಕ್ಷೀಣಿಸುತ್ತ ಹೋಯಿತೇ, ಆಗೀಗ ಬಂದು ಹೋಗುತ್ತಿತ್ತೇ, ಒಂದೇ ಹೊಳ್ಳೆಯಲ್ಲಿ ಹೋಯಿತೇ ಎಂಬ ವಿವರಗಳಲ್ಲಿಯೇ ಕಾರಣದ ಮೊದಲ ಸುಳಿವು ಇರುತ್ತದೆ. ನಮ್ಮ ಕಡೆ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ, ಎಲ್ಲದಕ್ಕೂ ನೆಗಡಿ ಎಂಬ ಒಂದೇ ಹೆಸರು.

ಕಾರಣಗಳನ್ನು ತಿಳಿಯಬೇಕಾದರೆ ವಾಸನೆ ಮಿದುಳಿಗೆ ಹೋಗುವ ದಾರಿಯನ್ನು ಮೊದಲು ತಿಳಿಯಬೇಕು. ಮೂಗಿನ ಒಳಗೂಡಿನ ತೀರ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ಕೆಲವೇ ಚದರ ಸೆಂಟಿಮೀಟರ್‌ನಷ್ಟು ಜಾಗದಲ್ಲಿ ವಾಸನೆ ಹಿಡಿಯುವ ಪೊರೆಯಿದೆ. ಅದರಲ್ಲಿರುವ ಲಕ್ಷಗಟ್ಟಲೆ ನರಕೋಶಗಳ ತುದಿಯ ಗ್ರಾಹಿಗಳು ಗಾಳಿಯಲ್ಲಿ ತೇಲಿಬರುವ ಅಣುಗಳನ್ನು ಹಿಡಿಯುತ್ತವೆ. ಈ ಗ್ರಾಹಿಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂದಿತು. ಮನುಷ್ಯರಲ್ಲಿ ಸುಮಾರು 400 ಬಗೆಯ ಗ್ರಾಹಿಗಳಿವೆ. ಈ ನರಕೋಶಗಳ ಎಳೆಗಳು ಜರಡಿಯಂತೆ ತೂತು ತೂತಾಗಿರುವ ತೆಳುವಾದ ಒಂದು ಮೂಳೆಯ ಮೂಲಕ ಮೇಲೇರಿ, ಮಿದುಳಿನ ಅಡಿಯಲ್ಲಿರುವ ಆಲ್ಫ್ಯಾಕ್ಟರಿ ಬಲ್ಬ್ ಎಂಬ ಭಾಗವನ್ನು ಸೇರುತ್ತವೆ. ಅಲ್ಲಿಂದ ಸುದ್ದಿ ನೆನಪು ಮತ್ತು ಭಾವನೆಗಳ ನೆಲೆಗಳಿಗೆ ಹೋಗುತ್ತದೆ. ಉಳಿದ ಇಂದ್ರಿಯಗಳ ಸುದ್ದಿ ಥಲಾಮಸ್ ಎಂಬ ನಡುಮನೆಯನ್ನು ಹಾದೇ ಮುಂದೆ ಹೋಗಬೇಕು, ವಾಸನೆಗೆ ಮಾತ್ರ ನೇರ ದಾರಿಯಿದೆ. ಹಿಂದಿನ ಅನುಭವ ಚಿತ್ತದಲ್ಲಿ ಉಳಿಸಿಹೋದ ಸಂಸ್ಕಾರಕ್ಕೂ ನಮ್ಮ ಹಿರಿಯರು ವಾಸನೆ ಎಂಬ ಶಬ್ದವನ್ನೇ ಬಳಸಿದರಲ್ಲ, ಆ ಬಳಕೆ ಎಷ್ಟು ಸರಿಯಾಗಿದೆ ಎಂದು ಈ ಪಾಠ ಮಾಡುವಾಗಲೆಲ್ಲ ಅನಿಸುತ್ತದೆ.

ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಫಲ ಒಂದೇ, ವಾಸನೆ ಬಾರದು. ಗಾಳಿ ಪೊರೆಯನ್ನು ತಲುಪದಂತೆ ಅಡ್ಡಿಯಾಗಿರಬಹುದು, ಪೊರೆಯೇ ಹಾಳಾಗಿರಬಹುದು, ಎಳೆಗಳು ತುಂಡಾಗಿರಬಹುದು, ಅಥವಾ ಮಿದುಳಿನೊಳಗೆ ತೊಂದರೆಯಿರಬಹುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ವಾಸನೆ ಹೋದವರಲ್ಲಿ ಅನೇಕರು ವೈದ್ಯರ ಬಳಿ ಹೋಗಿ ಹೇಳುವುದು "ಬಾಯಿಗೆ ರುಚಿಯಿಲ್ಲ" ಎಂದು. ನಾವು ರುಚಿ ಎನ್ನುವುದರ ಬಹುಪಾಲು, ಅಗಿಯುವಾಗ ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ವಾಸನೆಯೇ. ನನಗೆ ಅಪ್ಪೆಹುಳಿ ಬರಿಯ ಹುಳಿನೀರಾಗಿತ್ತು. ಇಂಗಿನ ಒಗ್ಗರಣೆ, ಮಾವಿನ ಸೊನೆಯ ಪರಿಮಳ ಎರಡೂ ಇಲ್ಲ, ಹುಳಿ ಮತ್ತು ಉಪ್ಪು ಮಾತ್ರ ಸ್ಪಷ್ಟವಾಗಿದ್ದವು. ನಮ್ಮ ಷಡ್ರಸಗಳಲ್ಲಿ ಸಿಹಿ, ಹುಳಿ, ಉಪ್ಪು, ಕಹಿಗಳು ನಾಲಗೆಯ ರುಚಿಮೊಗ್ಗುಗಳಿಂದ ತಿಳಿಯುತ್ತವೆ. ಖಾರವು ಉರಿಯನ್ನು ತಿಳಿಸುವ ನರದಿಂದಲೂ, ಒಗರು ಬಹುಮಟ್ಟಿಗೆ ಬಾಯಿಯ ಸ್ಪರ್ಶದಿಂದಲೂ ತಿಳಿಯುತ್ತವೆ. ಆದ್ದರಿಂದ ವಾಸನೆ ಪೂರ್ತಿ ಹೋದರೂ ಈ ಆರೂ ಉಳಿದಿರುತ್ತವೆ. ಉಪ್ಪು ಹುಳಿ ಖಾರ ತಿಳಿಯುತ್ತಿದ್ದು, ಏಲಕ್ಕಿ ಹಾಕಿದ ಪಾಯಸಕ್ಕೂ ಹಾಕದ ಪಾಯಸಕ್ಕೂ ವ್ಯತ್ಯಾಸ ಕಾಣದಿದ್ದರೆ, ಕೆಟ್ಟಿರುವುದು ನಾಲಗೆಯಲ್ಲ, ಮೂಗು.

ನನ್ನ ಮೊದಲನೆಯ ಸಲದ ಕಾರಣ ದಾರಿಯ ಅಡ್ಡಿ. ನಮ್ಮಲ್ಲಿ ಮೂಗಿನ ದುರ್ಮಾಂಸ ಎನ್ನುತ್ತಾರಲ್ಲ, ಪಾಲಿಪ್ ಎಂಬುದು, ಅದೇ. ವರ್ಷಗಳಿಂದ ನನ್ನ ಮೂಗು ಕಟ್ಟಿಯೇ ಇರುತ್ತಿತ್ತು, ರಾತ್ರಿ ಬಾಯಿಯಲ್ಲಿ ಉಸಿರಾಡುತ್ತಿದ್ದೆ. ಮೂಗು ಬಿಡಿಸಲು ಔಷಧದಂಗಡಿಯಿಂದ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತಿದ್ದೆ. ಆ ಬಗೆಯ ಡ್ರಾಪ್ಸ್‌ಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಅವುಗಳ ಪರಿಣಾಮ ಇಳಿದ ಕೂಡಲೇ ಮೂಗಿನ ಒಳಪದರ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ, ಮತ್ತೆ ಹಾಕಿಕೊಳ್ಳದೆ ಇರಲಾಗುವುದಿಲ್ಲ. ಅದು ನನಗೆ ತಿಳಿದಿರಲಿಲ್ಲ. ನಾನು ಮೊದಲು ತೋರಿಸಿದ ವೈದ್ಯರು ಎರಡು ವರ್ಷ ಅಲರ್ಜಿಯ ಮಾತ್ರೆ ಬರೆದುಕೊಟ್ಟರು, ಮೂಗಿನೊಳಗೆ ದುರ್ಬೀನು ಹಾಕಿ ನೋಡಲಿಲ್ಲ. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ, ವಾಸನೆ ಬರುವುದಿಲ್ಲವೆಂದು ನಾನೂ ಒತ್ತಿ ಹೇಳಿರಲಿಲ್ಲ. 2018ರಲ್ಲಿ ಕಿವಿ ಮೂಗು ಗಂಟಲಿನ ತಜ್ಞರೊಬ್ಬರು ಎಂಡೋಸ್ಕೋಪಿ ಮಾಡಿ, ಪರದೆಯ ಮೇಲೆ ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಹೊಳೆಯುವ ಗೊಂಚಲುಗಳನ್ನು ತೋರಿಸಿದರು. ಅವು ಎರಡೂ ಹೊಳ್ಳೆಗಳ ಮೇಲ್ಭಾಗವನ್ನು ಮುಚ್ಚಿಬಿಟ್ಟಿದ್ದವು.

ಶಸ್ತ್ರಚಿಕಿತ್ಸೆಗೆ ಮೊದಲು ಅವರು ಹತ್ತು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಐದನೆಯ ದಿನ ಬೆಳಗ್ಗೆ ಹಿತ್ತಿಲ ಬಾಗಿಲು ತೆರೆದಾಗ ಒದ್ದೆ ಅಡಿಕೆಸಿಪ್ಪೆಯ ವಾಸನೆ ಬಂತು. ಹುಳಿತ, ಮಣ್ಣುಮಣ್ಣಾದ, ಯಾರೂ ಇಷ್ಟಪಡದ ವಾಸನೆ ಅದು. ನಾನು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಅತ್ತೆ. ಮಾತ್ರೆ ಮುಗಿದು ಎರಡು ವಾರದೊಳಗೆ ವಾಸನೆ ಮತ್ತೆ ಮಾಯವಾಯಿತು. ಆದರೆ ವೈದ್ಯರಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಉರಿಯೂತ ತಗ್ಗಿದಾಗ ವಾಸನೆ ಮರಳುವುದಾದರೆ ನರಗಳು ಜೀವಂತವಾಗಿವೆ, ದಾರಿಯಷ್ಟೇ ಮುಚ್ಚಿದೆ ಎಂದು ಅರ್ಥ. ಹೀಗೆ ಆಗೀಗ ಬಂದು ಹೋಗುವ ವಾಸನೆ ಅಡ್ಡಿಯ ಅಥವಾ ಉರಿಯೂತದ ಗುರುತು. ನರ ಸತ್ತಿದ್ದರೆ ವಾಸನೆ ಹೀಗೆ ಬಂದು ಹೋಗುವುದಿಲ್ಲ. ಇದನ್ನು ಓದಿ ಯಾರೂ ತಾವಾಗಿ ಸ್ಟೀರಾಯ್ಡ್ ನುಂಗಬಾರದು. ಸಕ್ಕರೆ ಕಾಯಿಲೆಯವರಿಗೂ, ಒಳಗೆ ಶಿಲೀಂಧ್ರದ ಸೋಂಕು ಇರುವವರಿಗೂ ಅದು ಅಪಾಯ ತಂದೀತು.

ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಮುಕ್ಕಾಲು ಪಾಲು ವಾಸನೆ ಮರಳಿತು. ದುರ್ಮಾಂಸ ಮತ್ತೆ ಬೆಳೆಯುವ ಸ್ವಭಾವದ್ದಾದ್ದರಿಂದ ದಿನವೂ ಉಪ್ಪುನೀರಿನಿಂದ ಮೂಗು ತೊಳೆದು ಸ್ಟೀರಾಯ್ಡ್ ಸ್ಪ್ರೇ ಬಳಸುತ್ತಲೇ ಇದ್ದೇನೆ. ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು, ನಲ್ಲಿನೀರನ್ನಾಗಲಿ ಬಾವಿನೀರನ್ನಾಗಲಿ ನೇರವಾಗಿ ಮೂಗಿಗೆ ಹಾಕಬಾರದು. ದುರ್ಮಾಂಸದ ಜೊತೆಗೆ ಉಬ್ಬಸವೂ, ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುವ ತೊಂದರೆಯೂ ಕೆಲವರಿಗಿರುತ್ತದೆ. ಈ ಮೂರೂ ಕೂಡಿದವರಲ್ಲಿ ವಾಸನೆ ಬೇಗ ಹೋಗುತ್ತದೆ, ದುರ್ಮಾಂಸ ಪದೇಪದೇ ಮರಳುತ್ತದೆ.

ದಾರಿಯ ಅಡ್ಡಿಗಳಲ್ಲಿ ಬೇರೆಯವೂ ಇವೆ. ದೀರ್ಘಕಾಲದ ಸೈನಸ್ ಉರಿಯೂತ, ಧೂಳು ಮತ್ತು ಪರಾಗದ ಅಲರ್ಜಿ, ನಮ್ಮ ದೇಶದ ಹವೆಯಲ್ಲಿ ಸಾಕಷ್ಟು ಕಂಡುಬರುವ ಶಿಲೀಂಧ್ರದ ಅಲರ್ಜಿಯಿಂದಾದ ಸೈನಸ್ ತೊಂದರೆ ಇವೆಲ್ಲ ಒಂದು ಗುಂಪಿನವು. ಮೂಗಿನ ನಡುಗೋಡೆ ವಕ್ರವಾಗಿರುವುದು ಬಹಳ ಜನರಲ್ಲಿದ್ದರೂ ಅದೊಂದರಿಂದಲೇ ಎರಡೂ ಹೊಳ್ಳೆಗಳ ವಾಸನೆ ಪೂರ್ತಿ ಹೋಗುವುದು ಅಪರೂಪ. ಆದ್ದರಿಂದ "ಮೂಳೆ ವಕ್ರವಾಗಿದೆ" ಎಂಬ ಮಾತು ಕೇಳಿದ ಕೂಡಲೇ ಕಾರಣ ಸಿಕ್ಕಿತೆಂದು ತೃಪ್ತರಾಗಬಾರದು. ಮೂಗಿನ ಒಳಪದರವೇ ಸೊರಗಿ, ಒಣಗಿ, ಹಕ್ಕಳೆಗಟ್ಟುವ ಇನ್ನೊಂದು ಕಾಯಿಲೆಯಿದೆ. ಅದರಲ್ಲಿ ಮೂಗಿನಿಂದ ದುರ್ವಾಸನೆ ಹೊಮ್ಮುತ್ತದೆ, ಆದರೆ ವಾಸನೆಯ ಪೊರೆಯೂ ಸತ್ತಿರುವುದರಿಂದ ರೋಗಿಗೆ ಅದು ತಿಳಿಯುವುದಿಲ್ಲ, ಹತ್ತಿರ ಕುಳಿತವರಿಗಷ್ಟೇ ತಿಳಿಯುತ್ತದೆ. ಜನ ತನ್ನಿಂದ ದೂರ ಸರಿಯುತ್ತಿರುವುದೇಕೆಂದು ಅರಿಯದೆ ನೊಂದುಕೊಳ್ಳುವ ಹೆಣ್ಣುಮಕ್ಕಳನ್ನು ಕಂಡಿದ್ದೇನೆಂದು ಆ ತಜ್ಞರು ಹೇಳಿದ್ದು ಇಂದಿಗೂ ಮನಸ್ಸಿನಲ್ಲಿದೆ. ಅಂಥವರಿಗೆ ಮೆಲ್ಲಗೆ, ಮರ್ಯಾದೆಯಿಂದ ತಿಳಿಸಿ ವೈದ್ಯರ ಬಳಿ ಕಳಿಸುವುದು ಹತ್ತಿರದವರ ಕರ್ತವ್ಯ.

ಎರಡನೆಯ ಸಲ ವಾಸನೆ ಹೋದ ದಿನ ನನಗೆ ಖಚಿತವಾಗಿ ಗೊತ್ತು. 2021ರ ಮೇ ತಿಂಗಳು, ಕೋವಿಡ್‌ನ ಎರಡನೆಯ ಅಲೆ. ರಾತ್ರಿ ಕಷಾಯದ ಶುಂಠಿಯ ವಾಸನೆ ಬಂದಿತ್ತು, ಬೆಳಗ್ಗೆ ಏನೂ ಇರಲಿಲ್ಲ. ಮೂಗು ಕಟ್ಟಿರಲಿಲ್ಲ, ಗಾಳಿ ಸಲೀಸಾಗಿ ಹೋಗಿ ಬರುತ್ತಿತ್ತು. ಮೊದಲನೆಯ ಸಲಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಇದೇ. ದಾರಿ ತೆರೆದಿದೆ, ಆದರೆ ಬಂದದ್ದನ್ನು ಹಿಡಿಯುವವರಿಲ್ಲ. ವಾಸನೆ ಅಥವಾ ರುಚಿ ಹೋಗುವುದನ್ನು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜೂನ್‌ನಲ್ಲಿಯೇ ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿತ್ತು.

ಕೊರೊನಾ ವೈರಸ್ ವಾಸನೆಯ ನರಕೋಶಗಳಿಗೆ ನೇರವಾಗಿ ನುಗ್ಗುವುದಿಲ್ಲ ಎಂಬುದು ನನಗೆ ಅಚ್ಚರಿ ತಂದ ವಿಷಯ. ವೈರಸ್ ಅಂಟಿಕೊಳ್ಳಲು ಬೇಕಾದ ಎಸಿಇ-2 ಎಂಬ ಪ್ರೋಟೀನ್ ಆ ನರಕೋಶಗಳಲ್ಲಿಲ್ಲ, ಅವುಗಳ ಸುತ್ತ ನಿಂತು ಅವುಗಳನ್ನು ಪೋಷಿಸುವ ಆಧಾರಕೋಶಗಳಲ್ಲಿದೆ. ಬಳ್ಳಿಗೆ ರೋಗ ತಗಲದಿದ್ದರೂ ಚಪ್ಪರ ಕುಸಿದರೆ ಬಳ್ಳಿ ನೆಲಕ್ಕೆ ಬೀಳುವಂತೆ, ಆಧಾರಕೋಶಗಳು ಸತ್ತಾಗ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ. ವಾಸನೆಯ ನರಕೋಶಗಳು ನಮ್ಮ ಇಡೀ ಆಯುಷ್ಯದಲ್ಲಿ ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತಲೇ ಇರುವುದರಿಂದ ಬಹುಪಾಲು ಜನರಿಗೆ ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ವರ್ಷಗಳೇ ಕಳೆದರೂ ಏಕೆ ಮರಳಲಿಲ್ಲ? ಅಂಥವರ ಮೂಗಿನ ಪೊರೆಯ ಚೂರನ್ನು ತೆಗೆದು ಪರೀಕ್ಷಿಸಿದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದಂತೆ, ವೈರಸ್ಸಿನ ಗುರುತು ಇಲ್ಲವಾದ ಮೇಲೂ ದೇಹದ ರಕ್ಷಣಾ ಕೋಶಗಳು ಅಲ್ಲಿ ಬೀಡುಬಿಟ್ಟಿದ್ದವು, ವಾಸನೆಯ ನರಕೋಶಗಳ ಸಂಖ್ಯೆ ತಗ್ಗಿತ್ತು. ಸೈನ್ಯ ಯುದ್ಧ ಮುಗಿದ ಮೇಲೂ ಊರನ್ನು ಬಿಟ್ಟು ಹೋಗದಿದ್ದರೆ ಊರು ಹೇಗೆ ಚೇತರಿಸಿಕೊಂಡೀತು?

ವೈರಸ್ಸಿನಿಂದ ವಾಸನೆ ಹೋಗುವುದು ಕೋವಿಡ್‌ನಿಂದ ಆರಂಭವಾದದ್ದಲ್ಲ. ಸಾಮಾನ್ಯ ಶೀತ ಮತ್ತು ಫ್ಲೂ ಬಂದು ಹೋದ ಮೇಲೆ ವಾಸನೆ ಮರಳದೆ ಉಳಿದವರು ಮೊದಲಿನಿಂದಲೂ ಇದ್ದರು, ಅವರಲ್ಲಿ ನಡುವಯಸ್ಸು ದಾಟಿದ ಹೆಂಗಸರೇ ಹೆಚ್ಚು. ಅವರ ಮಾತನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ, ಕೋವಿಡ್ ಬಂದ ಮೇಲಷ್ಟೇ ಜಗತ್ತು ಕಿವಿಗೊಟ್ಟಿತು.

ಮೂರು ತಿಂಗಳ ಬಳಿಕ ನನಗೆ ವಾಸನೆ ಮರಳತೊಡಗಿತು, ಆದರೆ ಕೆಟ್ಟು ಮರಳಿತು. ಕಾಫಿ ಹುರಿದ ಪರಿಮಳ ಚರಂಡಿಯ ನಾತವಾಗಿತ್ತು. ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಎಲ್ಲಕ್ಕೂ ಅದೇ ಸುಟ್ಟ, ಕೊಳೆತ ವಾಸನೆ. ಎರಡು ತಿಂಗಳು ಮೊಸರನ್ನ, ಬಾಳೆಹಣ್ಣುಗಳಲ್ಲಿ ದಿನ ಕಳೆದೆ. ಇದಕ್ಕೆ ಪ್ಯಾರಾಸ್ಮಿಯಾ ಎಂದು ಹೆಸರು. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು ಕಾಫಿಯ ಪರಿಮಳದ ಅಣುಗಳನ್ನು ಬೇರ್ಪಡಿಸಿ, ಇಂಥ ರೋಗಿಗಳಿಗೆ ಒಂದೊಂದಾಗಿ ಮೂಸಲು ಕೊಟ್ಟು ನೋಡಿದಾಗ, ಕಾಫಿಗೆ ಅದರ ಹುರಿದ ಘಮವನ್ನು ಕೊಡುವ ಗಂಧಕವುಳ್ಳ ಅಣುವೊಂದು ಈ ಹೇಸಿಗೆಯನ್ನು ಎಬ್ಬಿಸುವುದರಲ್ಲಿ ಮೊದಲನೆಯದಾಗಿ ಕಂಡುಬಂದಿತು. ಹೊಸದಾಗಿ ಬೆಳೆದ ನರಗಳಲ್ಲಿ ಕೆಲವು ಮಾತ್ರ ಎಚ್ಚೆತ್ತು, ಅಥವಾ ತಪ್ಪು ಜಾಗಕ್ಕೆ ಹೋಗಿ ಸೇರಿ, ಮಿದುಳಿಗೆ ಅರೆಬರೆ ಸುದ್ದಿ ತಲುಪುವುದರಿಂದ ಹೀಗಾಗುತ್ತದೆಂದು ಹೇಳುತ್ತಾರೆ. ಇದನ್ನು ಅನುಭವಿಸುವವರಿಗೆ ನಾನು ಹೇಳುವುದಿಷ್ಟು: ಇದು ಮನಸ್ಸಿನ ಭ್ರಮೆಯಲ್ಲ, ಬಹುಮಟ್ಟಿಗೆ ಚೇತರಿಕೆಯ ನಡುವಿನ ಹಂತ. ಮನೆಯವರಿಗೆ ಹೇಳುವುದೇನೆಂದರೆ, ಊಟದೆದುರು ಮುಖ ತಿರುಗಿಸುವವರನ್ನು "ಹಟ ಮಾಡಬೇಡ" ಎಂದು ಗದರಿಸಬೇಡಿ.

ನನ್ನ ತಮ್ಮನದು ಬೇರೆಯೇ ಕಥೆ. 2009ರಲ್ಲಿ ಬೈಕಿನಿಂದ ಹಿಂದಕ್ಕೆ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದ, ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ಮನೆಗೆ ಬಂದ. ಮೂರು ವಾರಗಳ ನಂತರ ಊಟವೆಲ್ಲ ಸಪ್ಪೆಯೆಂದು ತಾಯಿಯ ಮೇಲೆ ಮುನಿಸಿಕೊಂಡಾಗಲೇ ವಾಸನೆ ಹೋದದ್ದು ತಿಳಿದದ್ದು. ತಲೆಗೆ ಪೆಟ್ಟು ಬಿದ್ದ ಕ್ಷಣ ಮಿದುಳು ತಲೆಬುರುಡೆಯೊಳಗೆ ಹಿಂದೆ ಮುಂದೆ ಸರಿಯುತ್ತದೆ, ಜರಡಿಮೂಳೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆ ತೂತುಗಳಲ್ಲಿ ಹಾದುಹೋಗುವ ಕೂದಲೆಳೆಯಂಥ ನರಗಳು ಆಗ ಕತ್ತರಿಸಿದಂತೆ ತುಂಡಾಗುತ್ತವೆ. ಇದಕ್ಕೆ ಮೂಳೆ ಮುರಿಯಬೇಕಾಗಿಲ್ಲ, ಪ್ರಜ್ಞೆ ತಪ್ಪಬೇಕಾಗಿಯೂ ಇಲ್ಲ. ಮರಳುವುದಿದ್ದರೆ ಸಾಮಾನ್ಯವಾಗಿ ಮೊದಲ ಒಂದು ವರ್ಷದೊಳಗೆ ಮರಳುತ್ತದೆ, ಹೆಚ್ಚಿನವರಿಗೆ ಪೂರ್ತಿಯಾಗಿ ಮರಳುವುದಿಲ್ಲ. ಅವನಿಗೆ ಇಂದಿಗೂ ಮರಳಿಲ್ಲ, ಮಗಳು ಹಸುಗೂಸಾಗಿದ್ದಾಗ ಅವಳ ವಾಸನೆ ತನಗೆ ಗೊತ್ತಾಗಲೇ ಇಲ್ಲವೆಂದು ಒಮ್ಮೆ ಹೇಳಿದ್ದ. ತಲೆಗೆ ಪೆಟ್ಟಾದ ಮೇಲೆ ಮೂಗಿನಿಂದ ನೀರಿನಂಥ ತಿಳಿ ದ್ರವ ಒಸರುತ್ತಿದ್ದರೆ, ಅದರಲ್ಲೂ ಬಗ್ಗಿದಾಗ ತೊಟ್ಟಿಕ್ಕುತ್ತಿದ್ದರೆ, ಅದನ್ನು ನೆಗಡಿಯೆಂದು ಬಿಡಬಾರದು. ಅದು ಮಿದುಳಿನ ಸುತ್ತಲಿನ ದ್ರವ ಆಗಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ದೊಡ್ಡಪ್ಪನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾವೆಲ್ಲ ತಪ್ಪು ತಿಳಿದದ್ದು ಅಲ್ಲಿ. ಅಡಿಕೆ ಬೇಯಿಸುವ ಹಂಡೆಯ ಬಳಿ ನಿಂತು, ಚೊಗರಿನ ವಾಸನೆಯಿಂದಲೇ ಹದವನ್ನು ಹೇಳುತ್ತಿದ್ದವರು ಅವರು. ಸುಮಾರು ಅರವತ್ತರ ವಯಸ್ಸಿನಲ್ಲಿ ಅವರಿಗೆ ವಾಸನೆ ತಿಳಿಯದಾಯಿತು. ಅವರಿಗೆ ನಶ್ಯದ ಅಭ್ಯಾಸವಿತ್ತು. ನಶ್ಯದಿಂದಲೇ ಮೂಗು ಕೆಟ್ಟಿತೆಂದು ಮನೆಮಂದಿಯೆಲ್ಲ ತೀರ್ಮಾನಿಸಿದೆವು. ಅದೇ ವರ್ಷಗಳಲ್ಲಿ ಅವರು ನಿದ್ದೆಯಲ್ಲಿ ಕೂಗುತ್ತಿದ್ದರು, ಯಾರನ್ನೋ ಹೊಡೆಯುವವರಂತೆ ಕೈಕಾಲು ಬಡಿಯುತ್ತಿದ್ದರು. ಮಲಬದ್ಧತೆಯೂ ಶುರುವಾಗಿತ್ತು. ಈ ಮೂರಕ್ಕೂ ಒಂದಕ್ಕೊಂದು ಸಂಬಂಧವಿದ್ದೀತೆಂದು ಯಾರಿಗೂ ಹೊಳೆಯಲಿಲ್ಲ. ಹತ್ತು ವರ್ಷಗಳ ಬಳಿಕ ಬಲಗೈ ನಡುಗತೊಡಗಿತು, ಲೆಕ್ಕದ ಪುಸ್ತಕದಲ್ಲಿ ಅವರ ಅಕ್ಷರ ಸಾಲು ಸಾಲಿಗೆ ಕಿರಿದಾಗುತ್ತ ಹೋಯಿತು. ನರರೋಗ ತಜ್ಞರು ಪಾರ್ಕಿನ್‌ಸನ್ ಎಂದು ಹೇಳಿದರು. ವಾಸನೆ ಯಾವಾಗ ಹೋಯಿತು, ನಿದ್ದೆಯಲ್ಲಿ ಕೂಗುತ್ತಿದ್ದರೇ ಎಂದು ಅವರು ಕೇಳಿದಾಗ ದೊಡ್ಡಮ್ಮ ನನ್ನ ಮುಖ ನೋಡಿದರು.

ಪಾರ್ಕಿನ್‌ಸನ್ ರೋಗಿಗಳಲ್ಲಿ ಬಹುಪಾಲು ಜನರಿಗೆ ವಾಸನೆ ಕುಂದಿರುತ್ತದೆ, ಅದು ನಡುಕಕ್ಕಿಂತ ಅನೇಕ ವರ್ಷಗಳ ಮೊದಲೇ ಆರಂಭವಾಗಿರುತ್ತದೆ. ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಈ ರೋಗದ ಗುರುತಾದ ಪ್ರೋಟೀನ್ ಗಂಟುಗಳು ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಆಲ್ಫ್ಯಾಕ್ಟರಿ ಬಲ್ಬ್ ಒಂದು. ಚಲನೆಯನ್ನು ನಡೆಸುವ ಭಾಗಕ್ಕೆ ಅವು ತಲುಪುವುದು ಆಮೇಲೆ. ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿಯೂ ಆರಂಭದ ಹಂತದಲ್ಲಿಯೇ ವಾಸನೆಯನ್ನು ಗುರುತಿಸಿ ಹೆಸರಿಸುವ ಶಕ್ತಿ ತಗ್ಗುತ್ತದೆ. ಇದನ್ನು ಓದಿ ವಾಸನೆ ಬಾರದವರೆಲ್ಲ ಗಾಬರಿಗೊಳ್ಳಬೇಕಾಗಿಲ್ಲ, ಏಕೆಂದರೆ ವಾಸನೆ ಹೋದವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆಗಳು ಬರುವುದಿಲ್ಲ. ಆದರೆ ಮೂಗು ಕಟ್ಟದೆ, ಜ್ವರ ಬಾರದೆ, ಪೆಟ್ಟು ಬೀಳದೆ, ಐವತ್ತು ದಾಟಿದವರಿಗೆ ವಾಸನೆ ಮೆಲ್ಲಗೆ ಕ್ಷೀಣಿಸಿದ್ದು, ಜೊತೆಗೆ ನಿದ್ದೆಯಲ್ಲಿ ಹೊಡೆದಾಡುವುದೂ ಇದ್ದರೆ, ನರರೋಗ ತಜ್ಞರಿಗೆ ತೋರಿಸುವುದು ಒಳ್ಳೆಯದು. ದೊಡ್ಡಪ್ಪ ಇಂದಿಗೆ ಇಲ್ಲ. ನಶ್ಯದ ಡಬ್ಬಿಯನ್ನು ಅಡಗಿಸಿಟ್ಟು ನಾವು ಅವರನ್ನು ಕಾಡಿದ್ದು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ವಾಸನೆಯ ನರದ ಪಕ್ಕದಲ್ಲಿ, ಮಿದುಳಿನ ಹೊದಿಕೆಯಿಂದ ಬೆಳೆಯುವ ಮೆನಿಂಜಿಯೋಮಾ ಎಂಬ ಗೆಡ್ಡೆಯೂ ಅಪರೂಪವಾಗಿ ಕಾರಣವಾಗುತ್ತದೆ. ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ತುಂಬ ನಿಧಾನವಾಗಿ ಬೆಳೆಯುತ್ತದೆ. ಮೊದಲು ಒಂದು ಪಕ್ಕದ ನರವನ್ನಷ್ಟೇ ಒತ್ತುವುದರಿಂದ, ಇನ್ನೊಂದು ಹೊಳ್ಳೆ ಕೆಲಸ ಮಾಡುತ್ತಿರುವವರೆಗೆ ಕೊರತೆ ಗಮನಕ್ಕೇ ಬರುವುದಿಲ್ಲ. ತಲೆನೋವು, ದೃಷ್ಟಿ ಮಂದವಾಗುವುದು, ಸ್ವಭಾವ ಬದಲಾಗುವುದು ಇವೆಲ್ಲ ಬರುವ ಹೊತ್ತಿಗೆ ಗೆಡ್ಡೆ ದೊಡ್ಡದಾಗಿರುತ್ತದೆ. ಮೂಗಿನೊಳಗೇ ಬೆಳೆಯುವ ಗೆಡ್ಡೆಗಳೂ ಇವೆ. ಅವುಗಳಲ್ಲಿ ಒಂದೇ ಹೊಳ್ಳೆ ಕಟ್ಟಿಕೊಳ್ಳುವುದು, ಅದೇ ಹೊಳ್ಳೆಯಿಂದ ಪದೇಪದೇ ರಕ್ತ ಬರುವುದು ಗುರುತುಗಳು. ಒಂದು ಪಕ್ಕದ ತೊಂದರೆಯನ್ನು ಎಂದೂ ಹಗುರವಾಗಿ ಕಾಣಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿ.

ರಾಸಾಯನಿಕಗಳು ಮತ್ತು ಔಷಧಗಳು ಇನ್ನೊಂದು ಗುಂಪು. ಕ್ಯಾಡ್ಮಿಯಂ ಹೊಗೆಯ ನಡುವೆ, ಕೆಲವು ದ್ರಾವಕಗಳ ನಡುವೆ ವರ್ಷಗಟ್ಟಲೆ ದುಡಿಯುವವರಿಗೆ ವಾಸನೆ ಕುಂದುತ್ತದೆ. ಬೀಡಿ ಸಿಗರೇಟು ಸೇದುವವರಿಗೂ ಸೇದಿದಷ್ಟು ಕುಂದುತ್ತದೆ, ಬಿಟ್ಟರೆ ನಿಧಾನವಾಗಿ ಸುಧಾರಿಸುತ್ತದೆ. ಸತುವಿನ ಚರಿತ್ರೆ ನೆನಪಿಡಬೇಕಾದದ್ದು. 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಪೋಲಿಯೊ ತಡೆಯಬಹುದೆಂಬ ಆಸೆಯಿಂದ ಸಾವಿರಾರು ಮಕ್ಕಳ ಮೂಗಿನೊಳಗೆ ಸತುವಿನ ಸಲ್ಫೇಟ್ ದ್ರಾವಣವನ್ನು ಸಿಂಪಡಿಸಿದರು. ಪೋಲಿಯೊ ತಡೆಯಲಾಗಲಿಲ್ಲ, ಕೆಲವು ಮಕ್ಕಳು ವಾಸನೆ ಕಳೆದುಕೊಂಡರು. ಇಷ್ಟಾದ ಮೇಲೂ 2009ರಲ್ಲಿ, ಶೀತಕ್ಕೆಂದು ಮೂಗಿಗೆ ಹಚ್ಚುವ ಸತುವಿನ ಔಷಧಗಳಿಂದ ವಾಸನೆ ಹೋಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು. ಕಂಡ ಕಂಡ ಎಣ್ಣೆ, ರಸಗಳನ್ನು ಮೂಗಿಗೆ ಬಿಡುವ ಮನೆಮದ್ದುಗಳ ವಿಷಯದಲ್ಲಿ ನಾನು ಹಿಂಜರಿಯುವುದು ಇದೇ ಕಾರಣದಿಂದ. ತಲೆ ಕುತ್ತಿಗೆಗಳಿಗೆ ಕೊಡುವ ವಿಕಿರಣ ಚಿಕಿತ್ಸೆ, ಕ್ಯಾನ್ಸರ್‌ನ ಔಷಧಗಳು, ಥೈರಾಯ್ಡ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳೂ ವಾಸನೆ ಅಥವಾ ರುಚಿಯನ್ನು ಬದಲಿಸಬಲ್ಲವು. ಅವನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟವರನ್ನೇ ಕೇಳಬೇಕು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸೋಲು, ಬಿ-12 ಜೀವಸತ್ವದ ಕೊರತೆ ಇವೂ ಕಾರಣಗಳಾಗಬಲ್ಲವಾದ್ದರಿಂದ ರಕ್ತಪರೀಕ್ಷೆ ಮಾಡಿಸುತ್ತಾರೆ. ವಯಸ್ಸೇ ಒಂದು ದೊಡ್ಡ ಕಾರಣ. 80 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ವಾಸನೆ ಮಂದವಾಗಿರುತ್ತದೆ. ಅಜ್ಜಿ ಹಳಸಿದ ಅನ್ನವನ್ನು ಉಂಡರೆ ಅದು ಜಿಪುಣತನವಲ್ಲ, ಅವರಿಗೆ ಹಳಸಿದ್ದು ತಿಳಿದಿರಲಾರದು.

ಶಿಕ್ಷಕಿಯಾಗಿ ನನಗೆ ಮುಖ್ಯವೆನಿಸುವುದು ಹುಟ್ಟಿನಿಂದಲೇ ವಾಸನೆಯಿಲ್ಲದ ಮಕ್ಕಳ ವಿಷಯ. ಕಂಡೇ ಇಲ್ಲದ್ದು ಕಳೆದುಹೋಗಿದೆಯೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಗೆಳೆಯರು ಮೂಗು ಮುಚ್ಚಿಕೊಂಡಾಗ ತಾವೂ ಮುಚ್ಚಿಕೊಳ್ಳುತ್ತ ಬೆಳೆಯುತ್ತಾರೆ. ಇಂಥವರಲ್ಲಿ ಕೆಲವರಿಗೆ ಕಾಲ್‌ಮನ್ ಸಿಂಡ್ರೋಮ್ ಇರುತ್ತದೆ. ಭ್ರೂಣದಲ್ಲಿ ಪ್ರಾಯಕ್ಕೆ ಬರಲು ಬೇಕಾದ ಹಾರ್ಮೋನನ್ನು ಆರಂಭಿಸುವ ಕೋಶಗಳು ಹುಟ್ಟುವುದು ಮೂಗಿನ ನೆಲೆಯಲ್ಲಿ. ವಾಸನೆಯ ನರಗಳನ್ನೇ ಹಿಡಿದು ಅವು ಮಿದುಳಿಗೆ ವಲಸೆ ಹೋಗುತ್ತವೆ. ಆ ನರಗಳ ದಾರಿ ಬೆಳೆಯದಿದ್ದರೆ ಎರಡೂ ನಿಂತುಹೋಗುತ್ತವೆ, ವಾಸನೆಯೂ ಇಲ್ಲ, ಪ್ರಾಯಕ್ಕೆ ಬರುವುದೂ ಇಲ್ಲ. ಹದಿನಾರು ವರ್ಷವಾದರೂ ಧ್ವನಿ ಒಡೆಯದ ಹುಡುಗ, ಮುಟ್ಟಾಗದ ಹುಡುಗಿ ಇದ್ದರೆ ವಾಸನೆ ತಿಳಿಯುತ್ತದೆಯೇ ಎಂದು ಒಂದು ಮಾತು ಕೇಳಬೇಕು. ಹಾರ್ಮೋನ್ ಚಿಕಿತ್ಸೆಯಿಂದ ಅವರ ದೇಹ ಬೆಳೆಯುವಂತೆ ಮಾಡಬಹುದು, ವಾಸನೆಯನ್ನು ತರಲಾಗುವುದಿಲ್ಲ.

ಎಷ್ಟು ಹುಡುಕಿದರೂ ಕಾರಣ ಸಿಗದವರೂ ಕಡಿಮೆಯೇನಿಲ್ಲ. ಅವರಿಗೆ "ಏನೂ ಇಲ್ಲ" ಎನ್ನುವುದಕ್ಕಿಂತ "ಕಾರಣ ಸಿಕ್ಕಿಲ್ಲ" ಎನ್ನುವುದು ಸತ್ಯಕ್ಕೆ ಹತ್ತಿರವಾದ ಮಾತು.

ಮನೆಯಲ್ಲಿ ಪರೀಕ್ಷಿಸಿಕೊಳ್ಳುವವರು ಕಣ್ಣುಮುಚ್ಚಿ, ಒಂದು ಹೊಳ್ಳೆಯನ್ನು ಒತ್ತಿಹಿಡಿದು, ಇನ್ನೊಂದರಿಂದ ಕಾಫಿಪುಡಿ, ಏಲಕ್ಕಿ, ಸೋಪುಗಳನ್ನು ಬೇರೆಯವರ ಕೈಯಿಂದ ಮೂಸಿ ನೋಡಬೇಕು. ವಿಕ್ಸ್ ಬೇಡ. ನಾನು ಎರಡು ವರ್ಷ ಅದರಿಂದಲೇ ಮೋಸಹೋದೆ. ಅದರ ತಂಪು, ಅಮೋನಿಯಾದ ಚುರುಕು, ಮೆಣಸಿನ ಘಾಟು ಇವೆಲ್ಲ ತಿಳಿಯುವುದು ಮುಖದ ಸ್ಪರ್ಶವನ್ನು ಒಯ್ಯುವ ಟ್ರೈಜೆಮಿನಲ್ ನರದಿಂದ, ವಾಸನೆಯ ನರದಿಂದಲ್ಲ. ತಜ್ಞರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ, ಕೊನೆಯ ಬಾರಿ ಯಾವ ವಾಸನೆ ಬಂದದ್ದು ನೆನಪಿದೆ, ಅದರ ಹಿಂದಿನ ತಿಂಗಳಲ್ಲಿ ಜ್ವರ, ಪೆಟ್ಟು, ಹೊಸ ಔಷಧ ಯಾವುದಿತ್ತು, ವಾಸನೆ ನಡುವೆ ಮರಳಿತ್ತೇ, ಇಲ್ಲದ ವಾಸನೆ ಬಂದಂತಾಗುತ್ತದೆಯೇ ಎಂದು ಬರೆದುಕೊಂಡು ಹೋಗಿ. ನನ್ನ ಎರಡು ವರ್ಷ ಆ ಹಾಳೆಯಿಲ್ಲದೆ ಹೋದವು.

ಕಾರಣ ಯಾವುದೇ ಇರಲಿ, ಅಡುಗೆಮನೆಯ ಅಪಾಯ ಎಲ್ಲರಿಗೂ ಸಮಾನ. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ, ಸೋರಿದ್ದು ತಿಳಿಯಲೆಂದೇ ಅದಕ್ಕೆ ನಾತದ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ, ನಮ್ಮಂಥವರಿಗೆ ಅದು ಇದ್ದೂ ಇಲ್ಲದಂತೆ. ಸೋರಿಕೆಯನ್ನು ಸದ್ದು ಮಾಡಿ ತಿಳಿಸುವ ಸಾಧನವನ್ನು ನೆಲದ ಹತ್ತಿರ ಅಳವಡಿಸಿದ್ದೇನೆ, ಏಕೆಂದರೆ ಈ ಅನಿಲ ಗಾಳಿಗಿಂತ ಭಾರ. ಸೋರಿಕೆಗೆ ಕರೆಮಾಡಬೇಕಾದ 1906 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿದ್ದೇನೆ. ಮಲಗುವ ಮುನ್ನ ರೆಗ್ಯುಲೇಟರ್ ಆರಿಸುವುದು ಈಗ ಕೈಗೆ ತಾನಾಗಿ ಬರುತ್ತದೆ.

ಕೋವಿಡ್ ನಂತರ ತಜ್ಞರು ನನಗೆ ಹೇಳಿಕೊಟ್ಟದ್ದು ವಾಸನೆಯ ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದರ ಫಲವನ್ನು ಪ್ರಕಟಿಸಿದ್ದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆ ಎರಡು ಸಲ, ಅವುಗಳ ನೆನಪನ್ನು ಮನಸ್ಸಿಗೆ ತಂದುಕೊಳ್ಳುತ್ತ, ಕೆಲವು ಸೆಕೆಂಡುಗಳ ಕಾಲ ಮೂಸುವುದು, ಹೀಗೆ ಕನಿಷ್ಠ ಮೂರು ತಿಂಗಳು. ಎಲ್ಲರಿಗೂ ಫಲಿಸುವುದಿಲ್ಲ, ವೈರಸ್ಸಿನಿಂದ ಹೋದವರಿಗೆ ಫಲಿಸುವ ಸಂಭವ ಹೆಚ್ಚು. ನಾನು ನಾಲ್ಕು ಸೀಸೆಗಳನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟು, ಬೆಳಗ್ಗೆ ಸಂಜೆ ದೀಪ ಹಚ್ಚಿದ ಮೇಲೆ ಮೂಸುತ್ತಿದ್ದೆ. ಐದನೆಯ ತಿಂಗಳಲ್ಲಿ ಲವಂಗ ಲವಂಗದಂತೆಯೇ ಬಂತು. ನಿಂಬೆ ಅದಾದ ಮೇಲೆ, ಮಸುಕಾಗಿ. ಗುಲಾಬಿ ಒಂದು ವರ್ಷ ಕಾಯಿಸಿತು. ಈಗ ಕಾಫಿಯ ನಾತ ಹೋಗಿದೆ, ಹಳೆಯ ಘಮ ಮಾತ್ರ ಪೂರ್ತಿ ಬಂದಿಲ್ಲ. ಕಳೆದ ಬೇಸಿಗೆಯಲ್ಲಿ ಅತ್ತೆ ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆ ಚಿಮ್ಮಿದಾಗ, ಕೇಳದೆಯೇ ಅದನ್ನು ನನ್ನ ಮೂಗಿನ ಬಳಿ ಹಿಡಿದರು, ನಾನು ಹೌದೆಂದು ತಲೆಯಾಡಿಸಿದೆ.